ಬೆಳ್ಳಕ್ಕಿ, ಗೋವಕ್ಕಿ, ಕೊಕ್ಕರೆ: ಟಿಲ್ಲರಿನ ಹಿಂದಿದ್ದದ್ದು ಯಾವುದು?

ತುಳುನಾಡಿನ ಹೊಸವರ್ಷ ಬಿಸು ಕಳೆದು ಬಂದ ವಾರ ಒಂದು ರಾತ್ರಿ ಗುಡುಗು ಮಳೆ ಬಂತು. ಮರುದಿನ ಬೆಳಿಗ್ಗೆ ಉಡುಪಿ ಹತ್ತಿರದ ಅಲೆವೂರಿನಿಂದ ಕೊರಂಗ್ರಪಾಡಿಗೆ ಒಳದಾರಿಯಲ್ಲಿ ಹೋಗುವಾಗ ನೀರು ನಿಂತ ಬೈಲುಗದ್ದೆಯಲ್ಲಿ ಒಬ್ಬರು ಟಿಲ್ಲರ್ ಓಡಿಸುತ್ತಿದ್ದರು. ಹಿಂದೆಯೇ 20-30 ಹಕ್ಕಿಗಳು, ಮಗುಚಿದ ಕೆಸರಿನಿಂದ ಹುಳ ಹೆಕ್ಕುತ್ತಾ. ಮೈ ಬಿಳಿ, ಕೊಕ್ಕು ಹಳದಿ, ತಲೆ ಕುತ್ತಿಗೆಯೆಲ್ಲ ಕೇಸರಿ.

"ಇದೆಂಥ ಹಕ್ಕಿ ಅಪ್ಪ?" ಎಂದಳು ಸ್ಕೂಟರಿನ ಹಿಂದಿದ್ದ ಮಗಳು. ಬೆಳ್ಳಕ್ಕಿ ಎಂದೆ. "ಬೆಳ್ತಿಗೆ ಅಕ್ಕಿಯಾ? ತಲೆ ಕುಚ್ಚಲಕ್ಕಿ ಹಾಗೆ ಉಂಟಲ್ಲ!"

ಬೆಳ್ತಿಗೆ ಎಂದರೆ ನಮ್ಮಲ್ಲಿ ಬಿಳಿ ಅಕ್ಕಿ, ಕುಚ್ಚಲಕ್ಕಿ ಕೆಂಪಗಿನದು. ಇದು ಅಕ್ಕಿಯಲ್ಲ, ಹಕ್ಕಿ. ಬೆಳ್ (ಬಿಳಿ) + ಪಕ್ಕಿ (ಹಕ್ಕಿಯ ಹಳೆಯ ರೂಪ) ಸೇರಿ ಬೆಳ್ವಕ್ಕಿ, ಅದು ಸವೆದು ಬೆಳ್ಳಕ್ಕಿ. ನೀರಹಕ್ಕಿ ಎಂಬ ಅರ್ಥದ ನೀರ್ವಕ್ಕಿ ಹುಟ್ಟಿದ ದಾರಿಯೇ ಇದು. ಇಷ್ಟನ್ನು ಅವಳಿಗೆ ಹೇಳಿ ಗೆದ್ದೆ. ಆದರೆ ತಲೆ ಕೇಸರಿ ಇರುವಾಗ ಬೆಳ್ಳಕ್ಕಿ ಹೇಗೆ ಎಂಬ ಅವಳ ಎರಡನೇ ಮಾತಿಗೆ ಆಗ ಉತ್ತರ ಕೊಡಲಾಗಲಿಲ್ಲ. ಮರಿ ಮಾಡುವ ಕಾಲಕ್ಕೆ ಈ ಹಕ್ಕಿಗೆ ಕೇಸರಿ ಬರುತ್ತದೆ, ಆಮೇಲೆ ಮತ್ತೆ ಬಿಳಿಯಾಗುತ್ತದೆ. ಹಕ್ಕಿ ಪುಸ್ತಕಗಳು ಇದನ್ನು ಗೋವಕ್ಕಿ ಎಂದು ಬೇರೆ ಮಾಡಿ, ಕರಿಕೊಕ್ಕಿನ, ಹಳದಿ ಬೆರಳಿನ ಚಿಕ್ಕದಕ್ಕೆ ಮತ್ತು ಅದರ ದೊಡ್ಡ ನೆಂಟರಿಗೆ ಬೆಳ್ಳಕ್ಕಿ ಎನ್ನುತ್ತವೆ. ಗೋವಕ್ಕಿ ಎಂದು ಬಾಯಲ್ಲಿ ಹೇಳುವವರನ್ನು ನಾನಂತೂ ಕಂಡಿಲ್ಲ. ಇಂಗ್ಲಿಷಿನ 'ಕ್ಯಾಟಲ್ ಈಗ್ರೆಟ್' ನೋಡಿ ಕಟ್ಟಿದ್ದೇ ಎಂಬ ಗುಮಾನಿ ನನಗೆ. ಬಹುಕಾಲ ಅದರ ಶಾಸ್ತ್ರೀಯ ಕುಲನಾಮ ಬುಬುಲ್ಕಸ್ ಎಂದಿತ್ತು; ಲ್ಯಾಟಿನ್ನಿನಲ್ಲಿ ಎತ್ತು ಹೊಡೆಯುವವನು ಎಂದರ್ಥ. ಗೋವೂ ಹಕ್ಕಿಯೂ ಸೇರಿದ್ದಕ್ಕೆ ಅರಿಸಮಾಸದ (ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವುದರ) ತಕರಾರು ನನ್ನದಲ್ಲ. ಈಗ ಗದ್ದೆಯಲ್ಲಿ ಗೋವೇ ಇಲ್ಲ, ಟಿಲ್ಲರ್ ಮಾತ್ರ ಉಂಟು ಎನ್ನುವುದು ನನ್ನ ತಕರಾರು!

ಬದಿಗೆ ನಿಲ್ಲಿಸಿ ಟಿಲ್ಲರಿನವರನ್ನೇ ಕೇಳಿದೆ. "ಅದಾ? ಕೊರುಂಗು ಮಾರಾಯ್ರೆ." ಕನ್ನಡದಲ್ಲಿ ಎಂಥ ಹೇಳುತ್ತೀರಿ ಎಂದದ್ದಕ್ಕೆ, "ಕೊಕ್ಕರೆ." ಕಟ್ಟದ ಹುಣಿಯ (ಬದುವಿನ) ಮೇಲೆ ಕುತ್ತಿಗೆ ಹುದುಗಿಸಿ ಕೂತಿದ್ದ ಕೊಳದ ಬಕವನ್ನು ತೋರಿಸಿದೆ. ಅದರ ಬೆನ್ನು ಆಗ ಕಡುಗೆಂಪು. "ಅದೂ ಕೊಕ್ಕರೆಯೇ."

ಇಲ್ಲಿ ನನಗೆ ನಿಜವಾದ ತೊಡಕು. ಮದ್ದೂರು ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆ ಎಂದರೆ ಬಣ್ಣದ ಕೊಕ್ಕರೆ, ಕತ್ತು ಚಾಚಿ ಹಾರುವ ಜಾತಿ. ನಮ್ಮ ಗದ್ದೆಯವು ಹಾರುವಾಗ ಕತ್ತು ಮಡಚುತ್ತವೆ. ಪುಸ್ತಕದ ಲೆಕ್ಕದಲ್ಲಿ ಟಿಲ್ಲರಿನವರು ತಪ್ಪು. ಆದರೆ ತುಳುವಿನ ಕೊರುಂಗು, ತಮಿಳಿನ ಕೊಕ್ಕು, ನಮ್ಮ ಕೊಕ್ಕರೆ ಒಂದೇ ಬುಡದವು, ಮತ್ತು ತಮಿಳಿನಲ್ಲಿ ಕೊಕ್ಕು ಎಂದರೆ ಹೆಚ್ಚಾಗಿ ಈ ಬಿಳಿ ಹಕ್ಕಿಯೇ. ಹಾಗಾದರೆ ಹಳೆಯ ಅರ್ಥ ಉಳಿದಿರುವುದು ನಮ್ಮ ಬೈಲಿನಲ್ಲೇ ಇರಬಹುದಲ್ಲ?

ಬಕ ಮಾತ್ರ ವಿಚಿತ್ರ. 'ಬಕಪಕ್ಷಿಯಂತೆ ಕಾಯುವುದು' ಎಲ್ಲರ ಬಾಯಲ್ಲಿದೆ; ಹುಣಿಯ ಮೇಲಿನ ಹಕ್ಕಿ ತೋರಿಸಿ ಬಕ ಎನ್ನುವವರಿಲ್ಲ.

ಬಲ್ಲವರು ತಿಳಿಸಿ: ನಿಮ್ಮೂರಲ್ಲಿ ಕೊಕ್ಕರೆ ಎಂದರೆ ಯಾವುದು? ಗೋವಕ್ಕಿ ಎಂಬುದನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದವರು ಇದ್ದೀರಾ? ಕುಂದಾಪ್ರದವರು ಏನು ಹೇಳುತ್ತೀರಿ? ಮತ್ತೆ, ಕೊರಂಗ್ರಪಾಡಿಯಲ್ಲಿ ಕೊರುಂಗು ಕೂತಿದೆಯೋ, ಬರೀ ನನ್ನ ಕಿವಿಯ ಭ್ರಮೆಯೋ?