ಗೆಳತಿ ಜೊತೆ ಮೊದಲನೇ ಸಲ ಸ್ಕೈಡೈವಿಂಗ್, ಹಿಂದಿನ ದಿನ ಸ್ಕೂಬಾನೂ ಇದೆ, ತುಂಬಾ ಸುಸ್ತಾಗುತ್ತಾ?

ಬೆಣ್ಣೆದೋಸೆ_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಡಿಸೆಂಬರಲ್ಲಿ ನಾನು ನನ್ ಗೆಳತಿ ದುಬೈಗೆ ಹೋಗ್ತಿದೀವಿ. ಅವಳ ಅಣ್ಣ ಶಾರ್ಜಾದಲ್ಲಿದಾರೆ, ಹಾಗಾಗಿ ಉಳ್ಕೊಳ್ಳೋ ಖರ್ಚಿಲ್ಲ. ಆ ಉಳಿದ ದುಡ್ಡನ್ನ ಇವಳು ಸೀದಾ ತಗೊಂಡ್ಹೋಗಿ ಪಾಮ್ ಜುಮೇರಾ ಹತ್ರ ಸ್ಕೈಡೈವಿಂಗಿಗೆ ಸುರಿದಿದಾಳೆ, ನನ್ ಹೆಸರೂ ಸೇರಿಸಿ ಬುಕ್ ಮಾಡಿ ಆದ್ಮೇಲೆ ನಂಗೆ ಹೇಳಿದ್ಲು. ನಾನು ದುಗ್ಗಮ್ಮನ ಜಾತ್ರೆಲಿ ಜೈಂಟ್ ವೀಲ್ ಹತ್ತಿದ್ರೇ ಕಣ್ಣು ಬಿಡದೇ ಇರೋಳು. 13,000 ಅಡಿ ಅಂತೆ!! ರೀಲ್ಸಲ್ಲಿ ಇಬ್ರೂ ಕೈ ಹಿಡ್ಕೊಂಡು ಹಾರ್ತಾರಲ್ಲ ಹಂಗೆ ನಾವಿಬ್ರೂ ಹಾರಬಹುದಾ, ಅವಳು ಪಕ್ಕದಲ್ಲಿದ್ರೆ ನಂಗೆ ಸ್ವಲ್ಪ ಧೈರ್ಯ. ಆಮೇಲೆ ನಂಗೆ ಮೈನಸ್ 4 ಕನ್ನಡಕ, ಅದು ಹಾರಿ ಹೋಗಲ್ವಾ? ಅವಳು 78 ಕೆಜಿ ಇದಾಳೆ, ಎತ್ತರ 5 ಅಡಿ 2 ಇಂಚು, ತೂಕದ್ದೇನೋ ರೂಲ್ಸ್ ಇದೆ ಅಂತ ಕೇಳಿದೀನಿ, ಅವಳ ಮುಂದೆ ಆ ವಿಷ್ಯ ಎತ್ತೋ ಹಾಗಿಲ್ಲ. ಪ್ಲಾನ್ ಹೆಂಗಿದೆ ಅಂದ್ರೆ ಶುಕ್ರವಾರ ಮಧ್ಯಾಹ್ನ ಫುಜೈರಾದಲ್ಲಿ ಸ್ಕೂಬಾ, ಶನಿವಾರ ಬೆಳಿಗ್ಗೆ 9ಕ್ಕೆ ಸ್ಕೈಡೈವಿಂಗ್. ಒಂದರ ಹಿಂದೆ ಒಂದು ಮಾಡಿದ್ರೆ ತುಂಬಾ ಸುಸ್ತಾಗುತ್ತಾ? ಅಮ್ಮಂಗೆ ಬುರ್ಜ್ ಖಲೀಫಾ ನೋಡೋಕ್ ಹೋಗ್ತಿದೀವಿ ಅಂತ ಮಾತ್ರ ಹೇಳಿದೀನಿ, ದಯವಿಟ್ಟು ಬೈಬೇಡಿ.

ನೇತ್ರಾಣಿ_ನೀರು:

ಬೇರೆಯವರು ಕೈ ಹಿಡಿಯೋ ವಿಷ್ಯ ಹೇಳ್ತಾರೆ, ನಾನು ಮೊದ್ಲು ಇದು ಹೇಳ್ಬಿಡ್ತೀನಿ: ಆ ಶುಕ್ರವಾರದ ಸ್ಕೂಬಾ ತೆಗೀರಿ. ಪ್ರಶ್ನೆ ಸುಸ್ತಿಂದಲ್ಲ. ನಾನು ಮುರುಡೇಶ್ವರದಲ್ಲಿ ಡೈವಿಂಗ್ ಕೆಲಸ ಮಾಡ್ತೀನಿ, ಅಲ್ಲಿಯ ನೇತ್ರಾಣಿ ದ್ವೀಪಕ್ಕೆ ಬರೋರಿಗೆಲ್ಲ ನಾವು ಮೊದ್ಲು ಕೇಳೋದೇ ವಾಪಸ್ ವಿಮಾನ ಯಾವಾಗ ಅಂತ. ನೀರೊಳಗೆ 10 ಮೀಟರ್ ಇಳಿದ್ರೆ ಮೈ ಮೇಲಿನ ಒತ್ತಡ ಡಬಲ್, ಆ ಒತ್ತಡದಲ್ಲಿ ನೀವು ಉಸಿರಾಡೋ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಲ್ಲಿ ಕರಗಿ ಕೂತ್ಕೊಳ್ಳುತ್ತೆ. ಮೇಲೆ ಬಂದ್ಮೇಲೂ ಅದು ಪೂರ್ತಿ ಹೊರಗೆ ಹೋಗೋಕೆ ಗಂಟೆಗಟ್ಲೆ ಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದ್ರೆ ಒತ್ತಡ ಕಮ್ಮಿ ಆಗಿ, ಸೋಡಾ ಬಾಟ್ಲಿ ಮುಚ್ಚಳ ತೆಗ್ದಂಗೆ, ಅದು ಗುಳ್ಳೆ ಕಟ್ಟುತ್ತೆ. ಕೀಲು ನೋವು, ಜೋಮು, ಕೆಟ್ಟ ಕೇಸಲ್ಲಿ ಕೈಕಾಲು ಸ್ವಾಧೀನ ತಪ್ಪೋವರೆಗೂ ಹೋಗುತ್ತೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಮಾಮೂಲಿ ವಿಮಾನದಲ್ಲಿ ಹೊರಗೆ 35,000 ಅಡಿ ಇದ್ರೂ ಒಳಗಿನ ಒತ್ತಡ ಸುಮಾರು 8,000 ಅಡಿ ಎತ್ತರದಲ್ಲಿ ಇರೋಷ್ಟು ಮೆಂಟೇನ್ ಮಾಡ್ತಾರೆ. ಜಿಗಿಯೋ ವಿಮಾನದಲ್ಲಿ ಅದೆಲ್ಲ ಇಲ್ಲ, 13,000 ಅಡಿ ಅಂದ್ರೆ ನಿಮ್ಮ ಮೈಗೂ ಅಷ್ಟೇ, ನೆಲದಲ್ಲಿರೋ ಒತ್ತಡದ 60 ಪರ್ಸೆಂಟ್ ಆಸುಪಾಸು. ಹಾಗಾಗಿ ಕನಿಷ್ಠ 24 ಗಂಟೆ ಬಿಡಿ. ನೀವು ಹೇಳೋ ಟೈಮಲ್ಲಿ 18 ಗಂಟೆ ಆಗೋದೂ ಡೌಟು. ಉಲ್ಟಾ ಮಾಡ್ಕೊಳ್ಳಿ, ಮೊದ್ಲು ಆಕಾಶ ಆಮೇಲೆ ಸಮುದ್ರ, ಅದಕ್ಕೇನೂ ತೊಂದ್ರೆ ಇಲ್ಲ. ಆದ್ರೆ ಸ್ಕೂಬಾ ಆಗಿ ಬೆಂಗಳೂರಿನ ಫ್ಲೈಟ್ ಹತ್ತೋಕೂ ಒಂದಿನ ಗ್ಯಾಪ್ ಇಟ್ಕೊಳ್ಳಿ.

ಬೆಣ್ಣೆದೋಸೆ_ದಾವಣಗೆರೆ:

ಅಯ್ಯೋ ದೇವ್ರೇ, ಇದು ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್ ಥ್ಯಾಂಕ್ಸ್. ನಮ್ ವಾಪಸ್ ಫ್ಲೈಟ್ ಸೋಮವಾರ ರಾತ್ರಿ, ಹಂಗಾದ್ರೆ ಭಾನುವಾರ ಬೆಳಿಗ್ಗೆ ಸ್ಕೂಬಾ ಹಾಕ್ಕೊಂಡ್ರೆ ಸರಿಹೋಗುತ್ತೆ ಅಲ್ವಾ.

ನೇತ್ರಾಣಿ_ನೀರು:

ಆರಾಮಾಗಿ. ನೆಗಡಿ ಇದ್ರೆ ಮಾತ್ರ ಎರಡೂ ಬೇಡ, ಕಿವಿ ಬ್ಲಾಕ್ ಆಗಿ ಒದ್ದಾಡ್ತೀರಿ.

ಕುಡ್ಲ_ಟು_ಕರಾಮ:

ನಾನು ಇಲ್ಲೇ ದುಬೈಯಲ್ಲಿರುದು, ನನ್ನ ಫ್ರೆಂಡ್ ಒಟ್ಟಿಗೆ ಅದೇ ಜಾಗದಲ್ಲಿ ಹಾರಿದ್ದೇನೆ. ಕೈ ಹಿಡ್ಕೊಂಡು ಹಾರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಫಸ್ಟ್ ಟೈಮ್ ಹೋಗುವವರಿಗೆಲ್ಲ ಟ್ಯಾಂಡಮ್, ಅಂದ್ರೆ ಇನ್‌ಸ್ಟ್ರಕ್ಟರ್ ಮೈಗೆ ಕಟ್ಟಿ ಹಾರಿಸುದು, ನಿಮಗೊಬ್ಬ ಇನ್‌ಸ್ಟ್ರಕ್ಟರ್ ಅವಳಿಗೊಬ್ಬ ಇನ್‌ಸ್ಟ್ರಕ್ಟರ್, ವಿಮಾನ ಒಂದೇ ಇರಬಹುದು ಆದ್ರೆ ಹೊರಗೆ ಬೀಳುದು ಬೇರೆ ಬೇರೆ, ನಡುವಲ್ಲಿ ಕೆಲವು ಸೆಕೆಂಡ್ ಗ್ಯಾಪ್ ಬಿಡ್ತಾರೆ. ಆ ಸ್ಪೀಡಿನಲ್ಲಿ ಎರಡು ಜೋಡಿ ಒಂದಕ್ಕೊಂದು ಹತ್ರ ಬರುದೇ ಅಪಾಯ. ರೀಲ್ಸಲ್ಲಿ ಕೈ ಹಿಡಿಯುವವರು ನೂರಾರು ಜಂಪ್ ಮಾಡಿದ ಲೈಸೆನ್ಸ್ ಇರುವವರು, ಇಲ್ಲದಿದ್ರೆ ಎದುರಿಂದ ಬಂದ ಕ್ಯಾಮೆರಾದವನ ಕೈ. ಬುಕ್ಕಿಂಗ್ ಮಾಡಿದ ಕಡೆ ಇಬ್ಬರನ್ನೂ ಒಂದೇ ವಿಮಾನಕ್ಕೆ ಹಾಕಿ ಅಂತ ಮೊದಲೇ ಹೇಳಿ ಇಡಿ, ಮತ್ತೆ ನಾನು ಹೇಳುದು ಕೇಳಿ, ಫ್ರೆಂಡ್ ಮೊದಲು ಹಾರಿದ್ರೆ ಒಳ್ಳೇದಾ ನೀವು ಮೊದಲು ಹಾರಿದ್ರೆ ಒಳ್ಳೇದಾ ಅಂತ ಇದ್ರೆ ನೀವೇ ಮೊದಲು ಹೋಗಿ. ಕಣ್ಣೆದುರು ಇದ್ದ ಮನುಷ್ಯ ಬಾಗಿಲಿಂದ ಫಟ್ ಅಂತ ಮಾಯ ಆಗುದನ್ನು ನೋಡಿದ್ರೆ ಇರುವ ಧೈರ್ಯವೂ ಹೋಗ್ತದೆ, ನನ್ನ ಫ್ರೆಂಡ್ ಅವಸ್ಥೆ ಅದೇ ಆದದ್ದು.

ತೂಕದ್ದು ಸೀರಿಯಸ್ ಉಂಟು. ಇಲ್ಲಿ ಕೆಜಿ ಮಾತ್ರ ಅಲ್ಲ ಬಿಎಂಐ, ಅಂದ್ರೆ ಎತ್ತರಕ್ಕೆ ಸರಿಯಾಗಿ ತೂಕದ ಲೆಕ್ಕ, ಅದನ್ನು ಸಹ ನೋಡ್ತಾರೆ, ಹೆಂಗಸರಿಗೆ ಲಿಮಿಟ್ ಗಂಡಸರಿಗಿಂತ ಕಡಿಮೆ. ನೀವು ಕೊಟ್ಟ ಲೆಕ್ಕದಲ್ಲಿ ಬಿಎಂಐ 31 ದಾಟ್ತದೆ, ನನಗೆ ಡೌಟೇ. ಚೆಕ್-ಇನ್ನಲ್ಲಿ ಮೆಷಿನ್ ಮೇಲೆ ನಿಲ್ಲಿಸಿ ತೂಗ್ತಾರೆ, ಅಲ್ಲಿ ಹೋಗಿ ಆಗುದಿಲ್ಲ ಅಂತ ಹೇಳಿಸಿಕೊಳ್ಳುವ ಬದಲು ಈಗಲೇ ಇಬ್ಬರ ತೂಕ ಎತ್ತರ ಬರೆದು ಮೈಲ್ ಹಾಕಿ. ಇಬ್ಬರಿಗೆ ಸೇರಿ ದೊಡ್ಡ ದುಡ್ಡಿನ ವಿಷಯ ಅಲ್ವಾ.

ಕನ್ನಡಕದ ಮೇಲೆ ಹಾಕುವ ದೊಡ್ಡ ಗಾಗಲ್ಸ್ ಕೊಡ್ತಾರೆ, ಗಟ್ಟಿ ಎಳೆದು ಕಟ್ಟಿಸ್ಕೊಳ್ಳಿ. ಲೆನ್ಸ್ ಹಾಕಿದ್ರೂ ಅಡ್ಡಿಯಿಲ್ಲ. ಉಪವಾಸ ಹೋಗ್ಬೇಡಿ, ಹೊಟ್ಟೆ ಖಾಲಿ ಇದ್ರೇ ತಲೆ ತಿರುಗುದು ಜಾಸ್ತಿ, ಎರಡು ಇಡ್ಲಿ ತಿಂದು ಹೋಗಿ ಸಾಕು. ಹಿಂದಿನ ರಾತ್ರಿ ಡ್ರಿಂಕ್ಸ್ ಮುಟ್ಬೇಡಿ. ಜಾಕೆಟ್ ಬೇಡ ಆದ್ರೆ ಚಳಿ ಆಗ್ತದೆ, ಕೆಳಗೆ 25 ಡಿಗ್ರಿ ಇದ್ರೆ ಮೇಲೆ ಸೊನ್ನೆ ಹತ್ರ, ಬಾಗಿಲು ತೆಗೆದಾಗ ಬರುವ ಗಾಳಿ ಮುಖಕ್ಕೆ ಹೊಡೆದಾಗಲೇ ಗೊತ್ತಾಗುದು. ಮೊಬೈಲ್, ಗೋಪ್ರೋ, ಉಂಗುರ, ಸರ ಎಲ್ಲ ಲಾಕರಲ್ಲಿ.

ಹುಬ್ಬಳ್ಳಿ_ಮಾಸ್ತರ:

ಯಕ್ಕಾ, ನಾನು ಪಿಯು ಹುಡುಗರಿಗೆ ಫಿಸಿಕ್ಸ್ ಹೇಳಾಂವ, ನಿಮ್ಮ ಜೈಂಟ್ ವೀಲ್ ಪ್ರಶ್ನಿ ನೋಡಿ ಸುಮ್ನ ಕುಂದ್ರಾಕ ಆಗ್ಲಿಲ್ಲ. ಹೊಟ್ಟಿ ಝುಂ ಅನ್ನೂದು ಯಾವಾಗ ಅಂದ್ರ ಮ್ಯಾಲೆ ಹೋಗಿ ನಿಂತಂಗಾಗಿ ಒಮ್ಮಿಗೆಲೆ ಕೆಳಗ ಇಳಿಯಾಕ ಶುರು ಆದಾಗ. ವಿಮಾನದಾಗ ಹಂಗಿಲ್ಲ. ಅದು ತಾಸಿಗೆ 150 ಕಿಲೋಮೀಟರ್ ಮ್ಯಾಲೆ ಮುಂದ ಓಡಾಕತ್ತಿರ್ತದ, ಒಳಗ ಕುಂತ ನೀವೂ ಅಷ್ಟ ಜೋರಿನಾಗ ಇರ್ತೀರಿ, ಹೊರಗ ಬಂದ ಕೂಡ್ಲೆ ಗಾಳಿ ಎದುರಿಗೆ ಬಂದು ನಿಮ್ಮನ್ನ ಹಿಡೀತದ. ಮುಂದ ಹೋಗೂ ವೇಗ ಇಳಕೋಂತ ಕೆಳಗ ಬೀಳೂ ವೇಗ ಏರಕೋಂತ, ಹತ್ತು ಹನ್ನೆರಡು ಸೆಕೆಂಡಿನಾಗ ತಾಸಿಗೆ 190-200 ಮುಟ್ತದ, ಅಲ್ಲಿಂದ ಮುಂದ ಏರೂದಿಲ್ಲ ಯಾಕಂದ್ರ ಗಾಳಿ ತಳ್ಳೂದು ನಿಮ್ಮ ತೂಕಕ್ಕ ಸರಿ ಆಗಿಬಿಡ್ತದ. ಹಂಗಾಗಿ ಜೈಂಟ್ ವೀಲಿನ ಆ ಝುಂ ಇಲ್ಲಿ ಬರೂದು ಬಾಳ ಕಮ್ಮಿ. ಆಸುಪಾಸು ಗ್ವಾಡಿ ಇಲ್ಲ, ಗಿಡ ಇಲ್ಲ, ಬೀಳಾಕತ್ತೀನಿ ಅಂತ ಕಣ್ಣಿಗೆ ಲೆಕ್ಕಾನೂ ಸಿಗೂದಿಲ್ಲ.

ಕುಡ್ಲ_ಟು_ಕರಾಮ:

ಮಾಸ್ಟ್ರೇ ನೀವು ಹಾರಿದ್ದೀರಾ ಅಥವಾ ಬೋರ್ಡ್ ಮೇಲೆ ಮಾತ್ರವಾ? 😄

ಹುಬ್ಬಳ್ಳಿ_ಮಾಸ್ತರ:

ಬೋರ್ಡ್ ಮ್ಯಾಲೆ ದಿನಾ ಬೀಳ್ತೀನ್ರಿ.

ಕುಡ್ಲ_ಟು_ಕರಾಮ:

ಆದ್ರೂ ಅವರು ಹೇಳಿದ್ದು ಸರಿ ಉಂಟು. ಬೀಳುವ ಫೀಲಿಂಗ್ ಅಲ್ಲ, ಶಬ್ದ. ಕಿವಿಯಲ್ಲಿ ಭಯಂಕರ ಗಾಳಿ ಶಬ್ದ. ಹೆಚ್ಚಿನವರಿಗೆ ಉಸಿರು ಕಟ್ಟಿದ ಹಾಗೆ ಆಗ್ತದೆ, ನಿಜವಾಗಿ ಕಟ್ಟಿದ್ದಲ್ಲ, ಹೆದರಿ ನಾವೇ ಹಿಡ್ಕೊಂಡಿರುದು. ಒಮ್ಮೆ ಜೋರು ಬೊಬ್ಬೆ ಹಾಕಿ, ಬೊಬ್ಬೆ ಹಾಕಿದ್ಮೇಲೆ ಉಸಿರು ತೆಗೊಳ್ಳಲೇ ಬೇಕಲ್ಲ. ನನಗೆ ಹೆಚ್ಚು ಹೆದರಿಕೆ ಆದದ್ದು ಬೀಳುವಾಗ ಅಲ್ಲ, ಮೇಲೆ ಹೋಗುವ ಹದಿನೈದು ಇಪ್ಪತ್ತು ನಿಮಿಷ. ಬೆಂಚಲ್ಲಿ ಒಬ್ಬರ ಹಿಂದೆ ಒಬ್ಬರು ಕೂತು, ಇಷ್ಟು ಮೇಲೆ ಬಂದೆವಲ್ಲ ಇದೇ ಇರ್ಬೇಕು ಅಂತ ಅನ್ನಿಸುವಾಗ ಇನ್‌ಸ್ಟ್ರಕ್ಟರ್ ಕೈಯಲ್ಲಿದ್ದ ಮೀಟರ್ ತೋರಿಸಿ ಇನ್ನೂ ಅರ್ಧ ಆಗಿಲ್ಲ ಅಂತ ನಗಾಡಿದ. ಆಮೇಲೆ ನಿಮ್ಮ ಬೆನ್ನು ಅವನ ಎದೆಗೆ ಅಂಟುವ ಹಾಗೆ ಹುಕ್ ಹಾಕ್ತಾರೆ, ಭುಜದ ಹತ್ರ ಎರಡು ಸೊಂಟದ ಹತ್ರ ಎರಡು, ಹಾಕಿ ಪಟ್ಟಿ ಎಳೀತಾರೆ ನೋಡಿ, ಬಗ್ಗಿ ಕೆಮ್ಮಲಿಕ್ಕೂ ಆಗುದಿಲ್ಲ ಅಷ್ಟು ಟೈಟ್. ಆ ಟೈಟ್ ಆದದ್ದೇ ನನಗೆ ಸಮಾಧಾನ ಆಯ್ತು.

ಬಾಗಿಲಲ್ಲಿ ತಲೆ ಹಿಂದೆ ಅವನ ಭುಜಕ್ಕೆ ಒರಗಿಸಿ, ಕಾಲು ವಿಮಾನದ ಅಡಿಗೆ ಮಡಚಿ, ಕೈ ಎದೆ ಪಟ್ಟಿ ಮೇಲೆ. ಬಾಗಿಲ ಅಂಚು ಹಿಡಿಯುವ ಕೆಲಸ ಮಾತ್ರ ಮಾಡ್ಬೇಡಿ. ಭುಜ ತಟ್ಟಿದ ಮೇಲೆ ಕೈ ಬಿಚ್ಚುದು.

ಹಳೇ_ಹವಾಲ್ದಾರ್_ಹಾಸನ:

ತಂಗೀ, ನಾನು ಸೈನ್ಯದ ಪ್ಯಾರಾದಲ್ಲಿದ್ದೋನು, ಅಂದ್ರೆ ಪ್ಯಾರಾಚೂಟಲ್ಲಿ ಇಳಿಯೋ ಪಡೆ, ಆಗ್ರಾದಲ್ಲಿ ಟ್ರೈನಿಂಗ್ ಆಗಿದ್ದು. ನಮ್ಮದು 1,250 ಅಡಿಯಿಂದ, ಎಎನ್-32 ವಿಮಾನ, ದಾರ ವಿಮಾನದೊಳಗಿನ ಕೇಬಲ್ಲಿಗೆ ಸಿಕ್ಕಿಸಿರುತ್ತೆ, ಹೊರಗೆ ಬಿದ್ದ ತಕ್ಷಣ ಅದೇ ಎಳ್ಕೊಂಡು ಛತ್ರಿ ಬಿಚ್ಚುತ್ತೆ. ಧೋನಿ 2015ರಲ್ಲಿ ಆಗ್ರಾದಲ್ಲಿ ಮಾಡಿದ್ದೂ ಅದನ್ನೇ. ನಿಂದು ಬೇರೆ ತರ, ಎತ್ತರ ಹತ್ತು ಪಾಲು ಜಾಸ್ತಿ. ಎತ್ತರ ಜಾಸ್ತಿ ಅಂದ್ರೆ ಅಪಾಯ ಜಾಸ್ತಿ ಅಂತ ಜನ ಅನ್ಕೋತಾರೆ, ಅದು ಸರಿಯಲ್ಲ. ಏನಾದ್ರೂ ಎಡವಟ್ಟಾದ್ರೆ ಸರಿಪಡಿಸೋಕೆ ಟೈಮ್ ಬೇಕು, ಆ ಟೈಮ್ ಕೊಡೋದೇ ಎತ್ತರ. ನಮಗೆ ಅಲ್ಲಿ ಸಿಗ್ತಿದ್ದಿದ್ದು ಕೆಲವೇ ಸೆಕೆಂಡು.

ಇನ್‌ಸ್ಟ್ರಕ್ಟರ್ ಬೆನ್ನ ಮೇಲಿನ ಚೀಲದಲ್ಲಿ ಎರಡು ಛತ್ರಿ ಇರ್ತವೆ, ದೊಡ್ಡದೊಂದು, ಅದು ಕೈಕೊಟ್ರೆ ಅಂತ ರಿಸರ್ವ್ ಒಂದು. ಇವೆರಡೂ ಅಲ್ದೆ ಟ್ಯಾಂಡಮಲ್ಲಿ ಮೊದ್ಲು ಡ್ರೋಗ್ ಅಂತ ಒಂದು ಸಣ್ಣದು ಬಿಡ್ತಾರೆ, ಇಬ್ಬರ ಭಾರಕ್ಕೆ ವೇಗ ಮಿತಿಮೀರದಂಗೆ ಅದು ಹಿಡ್ಕೊಳ್ಳುತ್ತೆ, ಆಮೇಲೆ 5,000 ಅಡಿ ಆಸುಪಾಸು ದೊಡ್ಡದು. ದೊಡ್ಡದು ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ ಅಂದ್ರೆ ಮೂರು ರಿಂಗಿನ ಒಂದು ಕೊಂಡಿ ಇದೆ, ಬಿಲ್ ಬೂತ್ ಅಂತ ಅಮೆರಿಕದವನು ಕಂಡುಹಿಡಿದಿದ್ದು, ಒಂದು ಹಿಡಿ ಎಳೆದ್ರೆ ಸಾಕು ಕೆಟ್ಟ ಛತ್ರಿ ಪೂರ್ತಿ ಕಳಚಿಕೊಂಡು ಹೋಗುತ್ತೆ. ಆಮೇಲೆ ರಿಸರ್ವ್ ಬಿಚ್ಚೋದು. ಇನ್‌ಸ್ಟ್ರಕ್ಟರೇ ಪ್ರಜ್ಞೆ ತಪ್ಪಿದ ಅಂತ ಇಟ್ಕೋ, ಅದಕ್ಕೂ ಒಂದು ಸಣ್ಣ ಕಂಪ್ಯೂಟರ್ ಇರುತ್ತೆ ಚೀಲದೊಳಗೆ, ಗಾಳಿ ಒತ್ತಡ ನೋಡ್ತಾ ಇರುತ್ತೆ, ಎರಡು ಸಾವಿರ ಅಡಿ ಹತ್ರ ಬಂದ್ರೂ ಇನ್ನೂ ಜೋರಾಗಿ ಬೀಳ್ತಿದ್ರೆ ಅದೇ ರಿಸರ್ವ್ ಬಿಚ್ಚುತ್ತೆ. ಅಮೆರಿಕದ ಪ್ಯಾರಾಚೂಟ್ ಸಂಘದ ನಿಯಮ ನೋಡಿದ್ರೆ ಟ್ಯಾಂಡಮ್ ಮಾಡಿಸೋನಿಗೆ ಕನಿಷ್ಠ 500 ಜಂಪ್, ಮೂರು ವರ್ಷದ ಅನುಭವ ಬೇಕು. ಎಲ್ಲೇ ಹೋಗು, ರಿಸರ್ವ್ ಯಾವಾಗ ಮಡಚಿದ್ದು, ಆ ಯಂತ್ರ ಆನ್ ಇದೆಯಾ ಅಂತ ಕೇಳು. ಕೇಳಿದ್ರೆ ಮುಖ ಸಿಂಡರಿಸೋ ಜಾಗ ಆದ್ರೆ ವಾಪಸ್ ಬಾ.

ಒಂದೇ ಒಂದು ಕೆಲಸ ನಿಂದು: ನೆಲ ಮುಟ್ಟೋವಾಗ ಕಾಲು ಎತ್ತಿ ಹಿಡ್ಕೋ. ನಿಲ್ಲೋಕೆ ಹೋಗಬೇಡ. ಟ್ಯಾಂಡಮಲ್ಲಿ ಕಾಲು ಮುರ್ಕೊಳ್ಳೋರು ಹೆಚ್ಚಾಗಿ ಇದೇ ತಪ್ಪಲ್ಲಿ, ಇಬ್ಬರ ಭಾರ ಮುಂದೆ ಇರೋರ ಪಾದದ ಮೇಲೆ ಬೀಳುತ್ತೆ.

ಮೈಸೂರ್_ಪಾಕು:

ಅಷ್ಟು ದುಡ್ಡು ಕೊಟ್ಟು ದುಬೈಯಲ್ಲೇ ಯಾಕೆ, ನಮ್ ಮೈಸೂರ್ ಮಂಡಕಳ್ಳಿ ಏರ್‌ಪೋರ್ಟಲ್ಲೇ ಮಾಡಿಸ್ತಿದ್ರಲ್ವಾ? ಚಾಮುಂಡಿ ಬೆಟ್ಟ ನೋಡ್ಕೊಂಡು ಇಳೀಬಹುದಿತ್ತು.

ಕುಂಬಾರಕೊಪ್ಪಲು_ಕಿಟ್ಟಿ:

ಅದು ವರ್ಷ ಪೂರ್ತಿ ನಡಿಯೋದಲ್ಲ ಗುರು, ಕ್ಯಾಂಪ್ ತರ ಬಂದಾಗ ಮಾತ್ರ, ನಂಬ್ಕೊಂಡು ಕೂರೋಕಾಗಲ್ಲ. ಈಗ ಇಂಡಿಯಾದಲ್ಲಿ ಹೆಚ್ಚಾಗಿ ಹೋಗೋದು ಹರಿಯಾಣದ ನಾರ್ನೌಲ್ ಕಡೆ, ದೆಹಲಿಯಿಂದ ಕಾರಲ್ಲಿ ಮೂರು ಗಂಟೆ ಹತ್ರ. ದುಬೈಗಿಂತ ಅಗ್ಗ, ಎತ್ತರ ಸ್ವಲ್ಪ ಕಮ್ಮಿ. ನಾನೂ ನನ್ ಭಾವನೂ ಉತ್ತರದಲ್ಲಿ ಒಂದು ಕಡೆ ಹೋಗಿ ಬೆಳಿಗ್ಗೆ ಆರಕ್ಕೆ ಕೂತವ್ರು ಸಂಜೆವರೆಗೂ ಕೂತೇ ಇದ್ವಿ, ಗಾಳಿ ಜಾಸ್ತಿ ಅಂತ ಹಾರಿಸ್ಲಿಲ್ಲ, ಅದು ಸರಿ, ಗಾಳಿಗೆ ಯಾರೇನ್ ಮಾಡೋಕಾಗುತ್ತೆ, ಆದ್ರೆ ಮಾರನೇ ದಿನ ಸ್ಲಾಟ್ ಕೇಳಿದ್ರೆ ಫೋನೇ ಎತ್ತಲ್ಲ. ಎಲ್ಲೇ ಬುಕ್ ಮಾಡಿದ್ರೂ ಹವಾಮಾನಕ್ಕೆ ಕ್ಯಾನ್ಸಲ್ ಆದ್ರೆ ದುಡ್ಡು ವಾಪಸ್ಸಾ ಬೇರೆ ಡೇಟಾ ಅಂತ ಬರವಣಿಗೇಲಿ ತಗೊಳ್ಳಿ, ಟ್ರಿಪ್ಪಿನ ಕೊನೇ ದಿನಕ್ಕೆ ಇಟ್ಕೋಬೇಡಿ.

ಕಂತು_ಕಟ್ಟೋಳು:

ಎಲ್ರೂ ಹೇಳಿದ್ರಿ, ಇನ್ಶೂರೆನ್ಸ್ ಯಾರೂ ಎತ್ತಲೇ ಇಲ್ಲ. ನಾನು ಅದೇ ಫೀಲ್ಡಲ್ಲಿರೋದು. ಮಾಮೂಲಿ ಟ್ರಾವೆಲ್ ಪಾಲಿಸಿ ತುಂಬಾ ಕಡೆ ಇಂಥದ್ದಕ್ಕೆ ನಯಾಪೈಸೆ ಕೊಡಲ್ಲ, ಅಡ್ವೆಂಚರ್ ಸ್ಪೋರ್ಟ್ಸ್ ಕವರ್ ಬೇರೆ ಸೇರಿಸ್ಬೇಕು. ಸೇರಿಸಿದ್ರೂ ಸ್ಕೈಡೈವಿಂಗ್ ಅನ್ನೋ ಹೆಸರು ಅದರಲ್ಲಿ ಇದೆಯಾ ಓದಿ, ಎಷ್ಟೋ ಪಾಲಿಸೀಲಿ ಸ್ಕೂಬಾ ಇರುತ್ತೆ ಇದಿರಲ್ಲ. ಅಲ್ಲಿ ಜಿಗಿಯೋ ಮುಂಚೆ ಸೈನ್ ಮಾಡಿಸ್ಕೊಳ್ಳೋ ಪೇಪರಲ್ಲಿ ಏನಾದ್ರೂ ಆದ್ರೆ ಜಿಗಿಯೋರೇ ಹೊಣೆ ಅಂತ ಪುಟಗಟ್ಲೆ ಇರುತ್ತೆ. ಬೆನ್ನು ನೋವು, ಭುಜ ಕಳಚಿದ ಹಿಸ್ಟರಿ, ಹಾರ್ಟು, ಬಿಪಿ, ಗರ್ಭಿಣಿ, ಇದ್ಯಾವುದಿದ್ರೂ ಮುಚ್ಚಿಡಬೇಡಿ.

ಇನ್ನೊಂದು, ನಿಮ್ ಗೆಳತಿ ಕೇಳದೇ ಬುಕ್ ಮಾಡಿದ್ದು ನಂಗಂತೂ ಇಷ್ಟ ಆಗ್ಲಿಲ್ಲ. ಬಾಗಿಲ ಹತ್ರ ಹೋಗಿ ಬೇಡ ಅಂದ್ರೂ ವಿಮಾನದಲ್ಲೇ ವಾಪಸ್ ಇಳೀಬಹುದು, ದುಡ್ಡು ಹೋಗುತ್ತೆ ಅಷ್ಟೇ. ಅವಳಿಗೆ ಬೇಜಾರಾಗುತ್ತೆ ಅಂತ ಹಾರಬೇಡಿ.

ಬೆಣ್ಣೆದೋಸೆ_ದಾವಣಗೆರೆ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಸ್ಕೂಬಾ ಭಾನುವಾರಕ್ಕೆ ಹಾಕಿಸ್ದೆ. ಇನ್ಶೂರೆನ್ಸ್ ತೆಗೆದು ನೋಡಿದ್ರೆ ಅಕ್ಕ ಹೇಳಿದಂಗೇ ಸ್ಕೂಬಾ ಇದೆ ಇದಿಲ್ಲ, ಬೇರೆ ಹುಡುಕ್ತಿದೀನಿ. ಗೆಳತಿಗೆ ಈ ಲಿಂಕ್ ಕಳಿಸ್ಬಿಟ್ಟೆ, 78 ಕೆಜಿ ಅಂತ ಊರಿಗೆಲ್ಲ ಸಾರಿದೀಯ ಅಂತ ಅರ್ಧ ಗಂಟೆ ಬೈದ್ಲು, ಆಮೇಲೆ ಅವಳೇ ಮೈಲ್ ಹಾಕಿದಾಳೆ, ಉತ್ತರ ಬಂದಿಲ್ಲ. ಈಗ ಪ್ರಶ್ನೆ ಏನಪ್ಪಾ ಅಂದ್ರೆ ಅವಳಿಗೆ ಆಗಲ್ಲ ಅಂದು ನಂಗೆ ಮಾತ್ರ ಆಗುತ್ತೆ ಅಂದ್ರೆ ನಾನೊಬ್ಳೇ ಹೋಗಿ ಹಾರ್ಬೇಕಾ?? ಕೈಯಂತೂ ಹಿಡಿಯೋಕಾಗಲ್ಲ ಅಂದ್ಮೇಲೆ ಅವಳಿದ್ರೂ ಇಲ್ದಿದ್ರೂ ಒಂದೇ ಅಂತ ಮಾಸ್ತರು ಹೇಳ್ತಾರೇನೋ.

ಹುಬ್ಬಳ್ಳಿ_ಮಾಸ್ತರ:

ನಾ ಹಂಗ ಹೇಳೂದಿಲ್ಲ. ಅವರು ಕೆಳಗ ನಿಂತು ವಿಡಿಯೋ ತಗೀಲಿ, ನಿಮ್ಮ ಅವ್ವಗ ಕಳಸೂದು ಮಾತ್ರ ಬ್ಯಾಡ.