ಮಹಿಮೆ ದೇವರಿಗೆ ಸರಿ, ಮನುಷ್ಯರಿಗೆ ಥ್ಯಾಂಕ್ಸ್ ಹೇಳೋದು ಹೇಗೆ?

ಪ್ರಶ್ನೆ: ನಮ್ಮ ಸಭೆಯಲ್ಲಿ (ಚರ್ಚ್‌ನಲ್ಲಿ) ಒಬ್ಬರು ಆಂಟಿ ಇದ್ದಾರೆ. ಪ್ರತಿ ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಹಾಕುತ್ತಾರೆ, ಆರಾಧನೆ ಮುಗಿದ ಮೇಲೆ ಎತ್ತಿಡುತ್ತಾರೆ. ಅವರಿಗೆ ಯಾರೂ ಒಂದು ಒಳ್ಳೆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ನಾನಾದರೂ ಹೇಳೋಣ ಅಂದರೆ, "ಮನುಷ್ಯರನ್ನು ಹೊಗಳಬಾರದು, ಮಹಿಮೆ ದೇವರಿಗೆ ಮಾತ್ರ" ಅನ್ನುತ್ತಾರೆ ಹಿರಿಯರು. ನೀವೆಲ್ಲ ಏನು ಮಾಡುತ್ತೀರಿ?

ಸಂಡೇ ಸ್ಕೂಲ್ ಟೀಚರ್:
ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದ ಸಭೆಯವರಿಗೆ ಬರೆದ ಪತ್ರದ 16ನೇ ಅಧ್ಯಾಯ ಓದಿ ಬ್ರದರ್. ಬರೀ ಹೆಸರುಗಳು ಅಂತ ಜಾಸ್ತಿ ಜನ ಅದನ್ನು ದಾಟಿಕೊಂಡು ಹೋಗುತ್ತಾರೆ. ಪೌಲ ಅಲ್ಲಿ 20ಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ನೆನೆಯುತ್ತಾನೆ. ಸುಮ್ನೆ "ಎಲ್ಲರಿಗೂ ವಂದನೆ" ಅಂತ ಮುಗಿಸಬಹುದಿತ್ತು, ಅಲ್ವಾ? ಹಾಗೆ ಮಾಡಲಿಲ್ಲ. ಫೊಯಿಬೆ ಬಹಳ ಜನರಿಗೆ ನೆರವಾದವಳು, ನನಗೂ ನೆರವಾದಳು ಅನ್ನುತ್ತಾನೆ. ಪ್ರಿಸ್ಕ, ಅಕ್ವಿಲ ನನ್ನ ಪ್ರಾಣ ಉಳಿಸಲು ತಮ್ಮ ಕುತ್ತಿಗೆಯನ್ನೇ ಒಡ್ಡಿದರು ಅನ್ನುತ್ತಾನೆ. ಪೆರ್ಸೀಸಳು ಬಹಳ ದುಡಿದಳಂತೆ. ರೂಫನ ತಾಯಿ "ನನಗೂ ತಾಯಿ"ಯಂತೆ. ಯಾರು ಏನು ಮಾಡಿದರು ಅನ್ನೋದು ಅವನಿಗೆ ನೆನಪಿದೆ, ಮತ್ತು ಇಡೀ ಸಭೆಯ ಮುಂದೆ ಓದುವ ಪತ್ರದಲ್ಲೇ ಬರೆಸಿದ್ದಾನೆ. ಇನ್ನು ಆ ಅಧ್ಯಾಯ ಮುಗಿಯೋದು ಹೇಗೆ ಗೊತ್ತಾ? ಜ್ಞಾನಿಯಾದ ಒಬ್ಬನೇ ದೇವರಿಗೆ ಮಹಿಮೆ ಅಂತ! ಎರಡೂ ಒಂದೇ ಅಧ್ಯಾಯದಲ್ಲಿವೆ. ನಿಮ್ಮ ಹಿರಿಯರಿಗೆ ಇದನ್ನು ಮೆಲ್ಲಗೆ ತೋರಿಸಿ.

ಪಾಸ್ಟರ್ ಹೆಂಡತಿ:
"ಇವತ್ತಿನ ಸಂದೇಶ ಚೆನ್ನಾಗಿತ್ತು ಪಾಸ್ಟರ್" ಅಂತ ಬಾಗಿಲಲ್ಲಿ ಕೈಕುಲುಕಿ ಎಲ್ಲರೂ ಹೇಳುತ್ತಾರೆ. ನಮ್ಮವರು ತಲೆ ಆಡಿಸುತ್ತಾರೆ, ಅಷ್ಟೇ. ಒಂದು ಸಲ ಒಬ್ಬ ಹುಡುಗ ಬಂದ. "ಹೋದ ವಾರ ನೀವು ಕ್ಷಮೆ ಬಗ್ಗೆ ಹೇಳಿದ್ರಲ್ಲ, ಮನೆಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದೆ. ಮಾತು ಬಿಟ್ಟು ವರ್ಷಗಳಾಗಿದ್ದವು" ಅಂದ. ಅವತ್ತು ಇವರು ಊಟಕ್ಕೆ ಕೂತವರು ಅದನ್ನೇ ಎರಡೆರಡು ಸಲ ಹೇಳಿದರು. ನಾನು ಕಲಿತಿದ್ದು ಇಷ್ಟೇ: "ಚೆನ್ನಾಗಿತ್ತು" ಅಂದರೆ ಸಾಲದು, ಅದರಿಂದ ನಿಮಗೆ ಏನಾಯಿತು ಅಂತ ಹೇಳಿ.

ಸಭೆಯ ಹಿರಿಯರೊಬ್ಬರು:
ನಮ್ಮಂಥವರ ಮಾತಿನಲ್ಲೂ ಹುರುಳಿದೆ ತಮ್ಮಾ. ಮುಖಸ್ತುತಿ ಮಾಡುವವನು ನೆರೆಯವನ ಕಾಲಿಗೆ ಬಲೆ ಒಡ್ಡುತ್ತಾನೆ ಅಂತ ಬೈಬಲಿನ ಜ್ಞಾನೋಕ್ತಿ 29ನೇ ಅಧ್ಯಾಯದಲ್ಲಿದೆ. ದುಡ್ಡು ಕೊಟ್ಟವರನ್ನು ವೇದಿಕೆಗೆ ಕರೆದು ಕೊಂಡಾಡಿದಾಗ ಹಿಂದಿನ ಸಾಲಿನಲ್ಲಿ ಕೂತವರ ಮುಖ ನಾನು ನೋಡಿದ್ದೇನೆ. ಅದು ಮೆಚ್ಚುಗೆ ಅಲ್ಲ, ಪಕ್ಷಪಾತ. ಆದರೆ ಆ ಆಂಟಿಗೆ ಹೇಳಬೇಡಿ ಅಂತ ನಾನಂತೂ ಅನ್ನುವುದಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಒಂದು ವಿಷಯಕ್ಕೆ "ನಿಮ್ಮನ್ನು ಮೆಚ್ಚುತ್ತೇನೆ" ಅಂದು, ಅದೇ ಅಧ್ಯಾಯದಲ್ಲಿ ಇನ್ನೊಂದು ವಿಷಯಕ್ಕೆ "ಇದರಲ್ಲಿ ಮೆಚ್ಚುವುದಿಲ್ಲ" ಅಂದುಬಿಟ್ಟ. ತಪ್ಪನ್ನೂ ಹೇಳಬಲ್ಲವರ ಮೆಚ್ಚುಗೆಗೆ ತೂಕ ಜಾಸ್ತಿ.

ಕೀಬೋರ್ಡ್ ನುಡಿಸುವವರು:
ಮೆಚ್ಚುಗೆ ತೆಗೆದುಕೊಳ್ಳುವ ಕಡೆಯವರ ಬಗ್ಗೆ ಒಂದು ಮಾತು. ಯಾರಾದರೂ ಚೆನ್ನಾಗಿ ನುಡಿಸಿದಿರಿ ಅಂದರೆ "ನಂದೇನಿಲ್ಲ, ಎಲ್ಲಾ ದೇವರದ್ದೇ" ಅಂತ ತಳ್ಳಿಬಿಡುವುದು ನಮ್ಮಲ್ಲಿ ಅಭ್ಯಾಸ. ಹೇಳಿದವರು ಪೆಚ್ಚಾಗುತ್ತಾರೆ. ನಾನೀಗ "ಥ್ಯಾಂಕ್ಸ್, ಕೇಳಿ ಖುಷಿಯಾಯ್ತು" ಅನ್ನುತ್ತೇನೆ. ದೇವರಿಗೆ ಹೇಳಬೇಕಾದ್ದನ್ನು ಮನೆಗೆ ಹೋಗಿ ಹೇಳುತ್ತೇನೆ.

ಇಬ್ಬರು ಮಕ್ಕಳ ತಾಯಿ:
ನಮ್ಮ ಮನೆಯ ದಾರಿ ಹೇಳಲಾ? ಕುಟುಂಬ ಪ್ರಾರ್ಥನೆಯಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಅವರ ಎದುರಿಗೇ ದೇವರಿಗೆ ಕೃತಜ್ಞತೆ ಹೇಳುತ್ತೇವೆ. "ಅಕ್ಕ ನನಗೆ ಲೆಕ್ಕ ಹೇಳಿಕೊಟ್ಟಳು, ಸ್ತೋತ್ರ" ಅಂತ ಚಿಕ್ಕವನು ಅಂದಾಗ ಅವಳು ಒಂದು ಕಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು. ಪೌಲನೂ ಫಿಲಿಪ್ಪಿಯವರಿಗೆ ಹೀಗೇ ಬರೆದ: ನಿಮ್ಮನ್ನು ನೆನೆಸಿಕೊಂಡಾಗಲೆಲ್ಲ ನನ್ನ ದೇವರಿಗೆ ಕೃತಜ್ಞತೆ ಹೇಳುತ್ತೇನೆ ಅಂತ. ಆಂಟಿಗೂ ಹಾಗೇ ಹೇಳಿ: "ನೀವು ಹಾಕಿಟ್ಟ ಕುರ್ಚಿಯಲ್ಲಿ ಕೂತು, ನಿಮಗಾಗಿ ದೇವರಿಗೆ ಥ್ಯಾಂಕ್ಸ್ ಹೇಳಿದೆ." ಇದಕ್ಕೆ ಯಾವ ಹಿರಿಯರು ಬೇಡ ಅಂತಾರೆ? ಆಮೇಲೆ ಎತ್ತಿಡುವಾಗ ನೀವೂ ಒಂದು ಕೈ ಹಾಕಿ. ಬರೀ ಬಾಯಿಮಾತು ಅಂತ ಅನ್ನಿಸಬಾರದು.

ಆಫೀಸಿಗೆ ಹೋಗುವ ಒಬ್ಬರು:
ಎಲ್ಲರೂ ಸಭೆಯ ಒಳಗಿನದ್ದೇ ಹೇಳುತ್ತಿದ್ದೀರಿ. ಯೇಸು ಬೆರಗಾಗಿ ಹೊಗಳಿದ್ದು ರೋಮಿನ ಶತಾಧಿಪತಿಯ, ಅಂದರೆ ಸೇನಾಧಿಕಾರಿಯೊಬ್ಬನ, ನಂಬಿಕೆಯನ್ನು. ಯೇಸು ಗುಣಪಡಿಸಿದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದು ಕೃತಜ್ಞತೆ ಹೇಳಿದವನು ಸಮಾರ್ಯದವನು. ಅಲ್ಲಿನ ಯೆಹೂದ್ಯರ ಕಣ್ಣಿಗೆ ಇಬ್ಬರೂ ಹೊರಗಿನವರೇ. ನನ್ನ ಪಕ್ಕದ ಸೀಟಿನವರು ಬೇರೆ ಧರ್ಮದವರು. ನಾನು ರಜೆಯಲ್ಲಿದ್ದಾಗ ನನ್ನ ಕೆಲಸ ಕೇಳದೇ ಮಾಡಿ ಮುಗಿಸಿದ್ದರು. ಮ್ಯಾನೇಜರ್‌ಗೆ ಮೇಲ್ ಬರೆದು, ಅವರಿಗೂ ಕಾಪಿ ಹಾಕಿದೆ. ಒಂದೇ ಕಿವಿಮಾತು: ಥ್ಯಾಂಕ್ಸ್ ಹೇಳಿ, ಅದರ ಬಾಲಕ್ಕೆ "ಭಾನುವಾರ ನಮ್ಮ ಚರ್ಚ್‌ಗೆ ಬನ್ನಿ" ಅಂತ ಕಟ್ಟಬೇಡಿ. ಕರೆಯಬೇಕಿದ್ದರೆ ಇನ್ನೊಂದು ದಿನ ಕರೆಯಿರಿ.