15 ವರ್ಷ ತುಂಬುತ್ತಿರುವ ಕಾರು: ನವೀಕರಿಸಲೇ, ವಿದ್ಯುತ್ ಕಾರು ಕೊಳ್ಳಲೇ? ಅನುಭವಸ್ಥರು ತಿಳಿಸಿ

ಸರಸ್ವತಿಪುರಂ: ಮೈಸೂರಿನಲ್ಲಿದ್ದೇನೆ. 2010ರ ಪೆಟ್ರೋಲ್ ಕಾರು, 71,000 ಕಿ.ಮೀ. ಓಡಿದೆ. 2025ರ ಡಿಸೆಂಬರ್ 18ಕ್ಕೆ ಆರ್‌ಸಿ (ನೋಂದಣಿ ಪತ್ರ) ಅವಧಿ ಮುಗಿಯುತ್ತದೆ. ದಿನಕ್ಕೆ 14 ಕಿ.ಮೀ. ಕಾಲೇಜಿಗೆ, ತಿಂಗಳಿಗೊಮ್ಮೆ ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾಡಿಗೆ ಮನೆ, ಚಾರ್ಜಿಂಗ್‌ಗೆ ಪ್ಲಗ್ ಕೊಡುವುದಿಲ್ಲ ಎಂದು ಮಾಲೀಕರು ಖಡಾಖಂಡಿತ ಹೇಳಿದ್ದಾರೆ. ಇನ್ನೈದು ವರ್ಷಕ್ಕೆ ನವೀಕರಿಸಲೇ, ಗುಜರಿಗೆ ಹಾಕಿ ವಿದ್ಯುತ್ ಕಾರು ಕೊಳ್ಳಲೇ? ಇ-20 (ಕಬ್ಬು ಮುಂತಾದವುಗಳಿಂದ ತೆಗೆದ ಎಥೆನಾಲ್ ಶೇ. 20 ಬೆರೆಸಿದ) ಪೆಟ್ರೋಲ್‌ನಿಂದ ಹಳೆಯ ಎಂಜಿನ್ ಕೆಟ್ಟವರು ಇದ್ದೀರಾ?

ಶಿರಾಗೇಟ್: ಸರ್, ನನ್ನ ಕಥೆ ಕೇಳಿ ಆಮೇಲೆ ನಿರ್ಧರಿಸಿ. 2023ರ ಮೇ ತಿಂಗಳಲ್ಲಿ ವಿದ್ಯುತ್ ಸ್ಕೂಟರ್ ನೋಡಿ, ಬಣ್ಣ ಆರಿಸಿ, 2,000 ಮುಂಗಡವನ್ನೂ ಕೊಟ್ಟಿದ್ದೆ. ಮಗಳ ಹುಟ್ಟುಹಬ್ಬ ಜೂನ್ 8. ಆ ದಿನವೇ ಗಾಡಿ ಮನೆಗೆ ಬರಬೇಕೆಂದು ಮನೆಯವರ ಹಟ. ಜೂನ್ 1ಕ್ಕೆ, ವಿದ್ಯುತ್ ಗಾಡಿಗಳಿಗೆ ಕೇಂದ್ರ ಕೊಡುತ್ತಿದ್ದ ಫೇಮ್-2 ಸಬ್ಸಿಡಿಗೆ ಕತ್ತರಿ ಬಿತ್ತು. ಬ್ಯಾಟರಿಯ ಪ್ರತಿ ಕಿಲೋವ್ಯಾಟ್-ಅವರ್‌ಗೆ 15,000 ಇದ್ದದ್ದು 10,000 ಆಯಿತು. ಅದು ಸಾಲದೆಂದು, ಬೆಲೆಯ ಶೇ. 40ರವರೆಗೆ ಇದ್ದ ಮಿತಿಯನ್ನು ಶೇ. 15ಕ್ಕೆ ಇಳಿಸಿದರು. ನನ್ನದು 3 ಕಿಲೋವ್ಯಾಟ್-ಅವರ್, ಕಾರ್ಖಾನೆ ಬೆಲೆ 1,30,000. 45,000 ಬರಬೇಕಿದ್ದಲ್ಲಿ 19,500 ಬಂತು. ಎಂಟು ದಿನಕ್ಕೆ 25,500 ರೂಪಾಯಿ ದಂಡ, ಕೇಕ್ ಖರ್ಚು ಬೇರೆ.

ಇಷ್ಟಕ್ಕೆ ಮುಗಿಯಲಿಲ್ಲ. ಗೃಹಜ್ಯೋತಿಗೆ 2022-23ರ ಸರಾಸರಿ ಹಿಡಿದರು. ಆಗ ಸ್ಕೂಟರ್ ಎಲ್ಲಿತ್ತು? ನಮ್ಮ ಸರಾಸರಿ 92, ಶೇ. 10 ಸೇರಿಸಿ 101 ಯೂನಿಟ್ ಉಚಿತ. ಸ್ಕೂಟರ್ ಬಂದ ಮೇಲೆ 137. ತಿಂಗಳು ತಿಂಗಳೂ 36 ಯೂನಿಟ್‌ನ ಹಣ ಕಟ್ಟುತ್ತಿದ್ದೇನೆ. ಮೀಟರ್ ನೋಡಲು ಬರುವವರು ‘ಏನು ಸಾರ್, ಎಸಿ ಹಾಕಿಸಿದ್ದೀರಾ’ ಎಂದು ಕೇಳುತ್ತಾರೆ.

ದಾವಣಗೆರೆ ಡೀಸೆಲ್: ಇಪ್ಪತ್ತೈದು ಸಾವಿರಕ್ಕೆ ಇಷ್ಟು ದುಃಖವೇ? 2021ರಲ್ಲಿ ಬಿಎಸ್-6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರು ಕೊಂಡೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮಕ್ಕಳ ಶಾಲೆ, ದಿನಕ್ಕೆ 6 ಕಿ.ಮೀ. ಏಳನೇ ತಿಂಗಳಿಗೆ ಡಿಪಿಎಫ್ ದೀಪ ಹತ್ತಿತು. ಹೊಗೆಕೊಳವೆಯ ಆ ಜಾಲರಿಯಲ್ಲಿ ಮಸಿ ತುಂಬಿದರೆ ಹೆದ್ದಾರಿಯ ವೇಗದಲ್ಲಿ ಓಡಿಸಿ ಸುಡಬೇಕಂತೆ. ಮಾರುವಾಗ ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ತಿಂಗಳಿಗೆರಡು ಭಾನುವಾರ ಚಿತ್ರದುರ್ಗಕ್ಕೆ ಹೋಗಿ ಬಂದೆ. ಒಟ್ಟು 41 ಸಲ. ಕೋಟೆಯನ್ನು ಒಮ್ಮೆಯೂ ಹತ್ತಿಲ್ಲ. ಊರ ಗಾಳಿ ಚೊಕ್ಕಟವಾಗಲಿ ಎಂದು ತಂದ ಕಾನೂನಿಗಾಗಿ ಪ್ರತಿ ಸಲ 120 ಕಿ.ಮೀ. ಡೀಸೆಲ್ ಸುಟ್ಟೆ. ಕೊನೆಗೂ ಜಾಲರಿ ಕಟ್ಟಿಕೊಂಡಿತು: ಮೊದಲು ತೊಳೆಸಲು 14,500, ಆಮೇಲೆ ಬದಲಿಸಲು 1,18,000. ವಾರಂಟಿ ಕೇಳಿದರೆ ‘ಓಡಿಸುವ ರೀತಿಯ ದೋಷ’ ಎಂದು ಬರೆದುಕೊಟ್ಟರು. ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ.

ನಿಯಮಾವಳಿ: ಮಾಹಿತಿ ತಪ್ಪಬಾರದೆಂದು ಬರೆಯುತ್ತಿದ್ದೇನೆ. ಬಿಎಸ್-6 ಹಸಿರುಮನೆ ಅನಿಲದ ಕಾನೂನೇ ಅಲ್ಲ. ಅದು ಮಸಿಗೆ, ನೈಟ್ರೋಜನ್ ಆಕ್ಸೈಡ್‌ಗಳಿಗೆ ಸಂಬಂಧಿಸಿದ್ದು. ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಇದ್ದ ನೈಟ್ರೋಜನ್ ಆಕ್ಸೈಡ್ ಮಿತಿ 0.08ಕ್ಕೆ ಇಳಿಯಿತು. ಇಂಗಾಲದ ಡೈಆಕ್ಸೈಡ್‌ಗೆ ಇರುವುದು ‘ಕೆಫೆ’ ನಿಯಮ. ಕಂಪನಿಯೊಂದು ವರ್ಷದಲ್ಲಿ ಮಾರಿದ ಕಾರುಗಳ ಸರಾಸರಿ 2017-18ರಿಂದ ಕಿಲೋಮೀಟರಿಗೆ 130 ಗ್ರಾಂ, 2022-23ರಿಂದ 113 ಗ್ರಾಂ ದಾಟಬಾರದು. ದಾಟಿದರೆ ದಂಡ ಕಂಪನಿಗೆ, ಗ್ರಾಹಕರಿಗಲ್ಲ.

ದಾವಣಗೆರೆ ಡೀಸೆಲ್: ಗ್ರಾಹಕರಿಗಲ್ಲವೇ? 1,18,000 ತಮ್ಮ ಜೇಬಿನಿಂದ ಹೋಯಿತೇ ರಾಯರೇ?

ಹಳೇಗಾಡಿ: ನನ್ನದು 2005ರ ಕಾರು. 2020ರಲ್ಲಿ ನವೀಕರಣಕ್ಕೆ 600 ಕಟ್ಟಿದ್ದೆ. 2022ರ ಏಪ್ರಿಲ್‌ನಿಂದ ಅದೇ ಕೆಲಸಕ್ಕೆ 5,000. 2025ರ ಸೆಪ್ಟೆಂಬರ್‌ನಲ್ಲಿ ನನ್ನ ಕಾರಿಗೆ 20 ತುಂಬಿತು. ಆಗಸ್ಟ್‌ನಲ್ಲಷ್ಟೇ 20 ದಾಟಿದ ಕಾರುಗಳಿಗೆ 10,000 ಮಾಡಿದ್ದರು! ನನಗಾಗಿಯೇ ಕಾದು ಕೂತಿದ್ದರೇನೋ. ಹಸಿರು ತೆರಿಗೆ, ಹೊಗೆ ತಪಾಸಣೆ, ಎರಡು ಟೈರ್, ತುಕ್ಕು ಹಿಡಿದ ಬಾಗಿಲಿಗೆ ತಗಡು ಕೆಲಸ, ಎಲ್ಲ ಸೇರಿ 31,400. ಆದರೂ ಗುಜರಿಗೆ ಕೊಡುವುದಿಲ್ಲ ಎಂದರೆ ಕೊಡುವುದಿಲ್ಲ. ಹೊಸ ಕಾರು ತಯಾರಿಸುವಾಗ ಹೊಗೆ ಬರುವುದಿಲ್ಲವೇ? ಹಾಳುಮಾಡಿದ್ದು ಎಥೆನಾಲ್. ಲೀಟರಿಗೆ 15 ಕಿ.ಮೀ. ಕೊಡುತ್ತಿದ್ದದ್ದು ಈಗ 13. ರಬ್ಬರ್ ಕೊಳವೆಗಳು ಊದಿಕೊಂಡು ಇಂಧನ ಪಂಪ್ ಎರಡು ಸಲ ಬದಲಾಯಿತು, 6,800 ಮತ್ತು 7,200. ಸಕ್ಕರೆ ಕಾರ್ಖಾನೆಯವರ ಹೊಟ್ಟೆ ತುಂಬಿಸಲು ನಮ್ಮ ಟ್ಯಾಂಕ್‌ಗೆ ಸಾರಾಯಿ.

ಮುಧೋಳ ಕಬ್ಬು: ಸಾರಾಯಿ ಅಂದವರು ಒಂದು ದಿನ ಬಂದು ಕಬ್ಬಿನ ಗದ್ದೆಯಲ್ಲಿ ನಿಲ್ಲಿ. ಕಬ್ಬು ಕಳಿಸಿದ 14 ದಿನಕ್ಕೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ನಮ್ಮಪ್ಪ ಏಳೇಳು ತಿಂಗಳು ಕಾಯುತ್ತಿದ್ದರು. ಎಥೆನಾಲ್ ಬಂದ ಮೇಲೆ ಎರಡು ಹಂಗಾಮು ಹಣ ಬೇಗ ಬಂತು, ಆ ಧೈರ್ಯದಲ್ಲಿ 4,60,000 ಸಾಲ ಮಾಡಿ ಹನಿ ನೀರಾವರಿ ಹಾಕಿಸಿದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದನ್ನು ತಡೆಯಿತು. ಮತ್ತೆ ಬಾಕಿ, ಮತ್ತೆ ಬಡ್ಡಿ. ನಿಮಗೆ ಎರಡು ಕಿಲೋಮೀಟರಿನ ಚಿಂತೆ.

ನಿಯಮಾವಳಿ: ಎಥೆನಾಲ್‌ನ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು. ಆದ್ದರಿಂದ ಇ-20ರಿಂದ ಹಳೆಯ ಕಾರುಗಳಲ್ಲಿ ಶೇ. 6-7ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. 15ರಿಂದ 13 ಎಂದರೆ ಶೇ. 13. ಉಳಿದರ್ಧಕ್ಕೆ ಕಾರಣ ಹಳೇಗಾಡಿಯವರ ಬಲಗಾಲು.

ಹಳೇಗಾಡಿ: 38 ವರ್ಷದಿಂದ ಓಡಿಸುತ್ತಿದ್ದೇನೆ. ಒಂದು ಗೀಚು ಬಿದ್ದಿಲ್ಲ. ಕಾಲಿನ ಸುದ್ದಿಗೆ ಬರಬೇಡಿ.

ಹಾಸನದವ: ಇವರೆಲ್ಲರ ಗೋಳು ಕೇಳಬೇಡಿ ಸರ್, ವಿದ್ಯುತ್ ಕಾರು ತೆಗೆದುಕೊಳ್ಳಿ. ನಾನು 2023ರಲ್ಲಿ ಕೊಂಡಾಗ ಜಿಎಸ್‌ಟಿ ಶೇ. 5, ಜೀವಾವಧಿ ತೆರಿಗೆ ಸೊನ್ನೆ. ಅದೇ 9 ಲಕ್ಷದ ಪೆಟ್ರೋಲ್ ಕಾರಾಗಿದ್ದರೆ ಜೀವಾವಧಿ ತೆರಿಗೆಯೇ ಶೇ. 14, ಅಂದರೆ 1,26,000, ಮೇಲೆ ಸೆಸ್. ಶಿರಾಡಿ ಘಾಟಿ ಇಳಿಯುವಾಗ ಬ್ಯಾಟರಿ ಶೇ. 4 ಏರುತ್ತದೆ, ಪುಕ್ಕಟೆ. ಒಮ್ಮೆ ಮಾತ್ರ ಹೆದ್ದಾರಿಯ ಹೋಟೆಲೊಂದರಲ್ಲಿ ಚಾರ್ಜರ್ ಕೆಟ್ಟು ಮೂರೂಕಾಲು ಗಂಟೆ ಕೂರಬೇಕಾಯಿತು. ನಾಲ್ವರು ಎರಡೆರಡು ಸಲ ತಿಂಡಿ ತಿಂದೆವು, 1,140 ರೂಪಾಯಿ. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಳೇಗಾಡಿ: ಇಳಿದಿರಿ, ಸರಿ. ಹತ್ತುವಾಗ ಶೇ. ಎಷ್ಟು ಹೋಯಿತು? ಬರೆಯುವುದಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಹಾಸನದಲ್ಲಿ ಹೊಗೆ ಇಲ್ಲ ಎಂದರೆ ಹೇಗೆ?

ಹಾಸನದವ: ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ತಿಳಿದುಕೊಂಡು ಮಾತನಾಡಿ.

ಹಳೇಗಾಡಿ: ತಾವು ಚಾರ್ಜ್‌ಗೆ ಹಾಕುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಪಾವಗಡದಲ್ಲಿ ಬಿಸಿಲಿರುತ್ತದೆಯೇ?

ಶಿರಾಗೇಟ್: ಪಾವಗಡ ನಮ್ಮ ತುಮಕೂರು ಜಿಲ್ಲೆಯದೇ. ಬಿಸಿಲು ನಮ್ಮದು, ಬಿಲ್ಲೂ ನಮಗೇ. 36 ಯೂನಿಟ್.

ಸರಸ್ವತಿಪುರಂ: ಎಲ್ಲರಿಗೂ ವಂದನೆ. ನಾನು ಸರ್ ಅಲ್ಲ, ಮೇಡಂ. ಪ್ಲಗ್ ಇಲ್ಲದ ಬಾಡಿಗೆ ಮನೆಯವರು ಏನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಸಿಗಲಿಲ್ಲ. ಹಾಸನದವರೇ, ನಿಮ್ಮದು ಸ್ವಂತ ಮನೆಯೇ?

ಹಾಸನದವ: ಸ್ವಂತ ಮನೆ ಮೇಡಂ. ಮೂರು ಕಾರು ನಿಲ್ಲುತ್ತವೆ. ಬೇರೆ ಮೀಟರ್ ಹಾಕಿಸಿದ್ದೇನೆ.

ದಾವಣಗೆರೆ ಡೀಸೆಲ್: ಅಂದುಕೊಂಡೆ!

ಹಳೇಗಾಡಿ: ಮೇಡಂ, ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಅರ್ಜಿ ಹಾಕಬಹುದು. ತಡವಾದರೆ ತಿಂಗಳಿಗೆ 500 ಹೆಚ್ಚು. ನಾಳೆಯೇ ಹೋಗಿ. ತುಕ್ಕಿಗೆ ತಗಡು ಹಾಕುವವರು ಬೇಕಿದ್ದರೆ ನಂಜನಗೂಡು ರಸ್ತೆಯಲ್ಲಿ ನನಗೆ ಗೊತ್ತಿರುವವರಿದ್ದಾರೆ. ದಿಲ್ಲಿಯಲ್ಲಿ ಮಾಡಿದ್ದ ಹಾಗೆ ಇಲ್ಲಿ 15 ವರ್ಷದ ಪೆಟ್ರೋಲ್ ಕಾರಿಗೆ ನಿಷೇಧವೇನಿಲ್ಲ, ಹೆದರಿಸುವವರ ಮಾತು ಕೇಳಬೇಡಿ.

ನಿಯಮಾವಳಿ: ಈ ಒಂದು ವಿಷಯದಲ್ಲಿ ಹಳೇಗಾಡಿಯವರು ಸರಿ.

ಹಳೇಗಾಡಿ: ತಮ್ಮ ಪ್ರಮಾಣಪತ್ರ ಕೇಳಿದವರಾರು?

ಶಿರಾಗೇಟ್: ಮುಧೋಳದವರೇ, ನಿಮ್ಮ ಕಡೆ ರಾಸಾಯನಿಕ ಹಾಕದ ಬೆಲ್ಲ ಸಿಗುತ್ತದೆಯೇ? ಹತ್ತು ಕಿಲೋ ಬೇಕಿತ್ತು.

ಮುಧೋಳ ಕಬ್ಬು: ಸಿಗುತ್ತದೆ. ಮೊದಲು ಸಾರಾಯಿ ಅಂದವರು ಮಾತು ಹಿಂದಕ್ಕೆ ತೆಗೆದುಕೊಳ್ಳಲಿ.